ಮೈಸೂರಿನ ಹಳೇ ಮನೆ: ಇಂಡಿಯನ್ ಟಾಯ್ಲೆಟ್ ತೆಗೆಸಿ ಕಮೋಡ್ ಹಾಕಿಸಬೇಕು, ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ

ಸಂಪಿಗೆಮನೆ | ಫೆಬ್ರವರಿ 9, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮದು ಸರಸ್ವತಿಪುರಂನಲ್ಲಿ ತಾತ 1974ರಲ್ಲಿ ಕಟ್ಟಿಸಿದ ಮನೆ. ಟಾಯ್ಲೆಟ್ ಹಿತ್ತಲ ಕಡೆ, ಬಚ್ಚಲುಮನೆಗೆ ಅಂಟಿಕೊಂಡಂತೆ ಇದೆ. ಒಳಗೆ ಮೂರಡಿ ಅಗಲ, ನಾಲ್ಕೂವರೆ ಅಡಿ ಉದ್ದ. ಒಂದು ಎತ್ತರದ ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು, ಮೇಲೆ ಹಳೇ ಇಂಡಿಯನ್ ಪ್ಯಾನ್. ಬಾಗಿಲು ಎರಡಡಿ ಅಗಲ, ಒಳಕ್ಕೆ ತೆಗೆಯುತ್ತೆ.

ಅಮ್ಮನಿಗೆ 71 ವರ್ಷ. ಕಳೆದ ತಿಂಗಳು ಎರಡೂ ಮಂಡಿ ಬದಲಿಸಿದ್ದಾರೆ. ಇನ್ನು ಕುಕ್ಕರಗಾಲಲ್ಲಿ ಕೂರೋದು ಬೇಡವೇ ಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ಸದ್ಯಕ್ಕೆ ಪ್ಯಾನ್ ಮೇಲೆ ಕಮೋಡ್ ಸ್ಟೂಲ್ ಇಟ್ಟಿದ್ದೀವಿ. ನಿನ್ನೆ ರಾತ್ರಿ ಅಮ್ಮ ಏಳುವಾಗ ಸ್ಟೂಲಿನ ಒಂದು ಕಾಲು ಪ್ಯಾನಿನ ಅಂಚಿನಿಂದ ಜಾರಿದೆ. ಬಾಗಿಲ ಚಿಲಕ ಹಿಡಿದುಕೊಂಡು ಹೇಗೋ ನಿಂತಿದ್ದಾರೆ. ನಮಗೆ ಹೇಳಲೂ ಇಲ್ಲ. ಬೆಳಿಗ್ಗೆ ಅಂಗೈಯಲ್ಲಿ ಚಿಲಕದ ಗುರುತು ನೋಡಿ ನಾನೇ ಕೇಳಿದ್ದು. ಅದಕ್ಕೇ ಇನ್ನು ತಡ ಮಾಡಬಾರದು ಅಂತ ತೀರ್ಮಾನಿಸಿದ್ದೀವಿ.

ಮೇಸ್ತ್ರಿ ಬಂದು ನೋಡಿ, "ಅರ್ಧ ದಿನದ ಕೆಲಸ. ಪ್ಯಾನ್ ಒಡೆದು ಅದೇ ತೂತಿನ ಮೇಲೆ ಕಮೋಡ್ ಕೂರಿಸಿಬಿಡ್ತೀನಿ" ಅಂದರು. ಅಂಗಡಿಗೆ ಹೋದರೆ "ಎಸ್ ಟ್ರಾಪಾ, ಪಿ ಟ್ರಾಪಾ? ಒಂಬತ್ತು ಇಂಚಾ, ಹನ್ನೆರಡಾ?" ಅಂತ ಕೇಳಿದರು. ಉತ್ತರ ಗೊತ್ತಿಲ್ಲದೆ ವಾಪಸ್ ಬಂದೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

---

ಜಲಮಾರ್ಗ | ಫೆಬ್ರವರಿ 9, ರಾತ್ರಿ 10.25

ನಾನು ತುಮಕೂರಿನಲ್ಲಿ 22 ವರ್ಷದಿಂದ ಪ್ಲಂಬಿಂಗ್ ಕೆಲಸ ಮಾಡ್ತಿದ್ದೀನಿ. ಮೊದಲ ಮಾತು: ಏನನ್ನೂ ಕೊಂಡುಕೊಳ್ಳದೆ ವಾಪಸ್ ಬಂದಿದ್ದು ಒಳ್ಳೇದಾಯ್ತು. ಎರಡನೆಯದು: "ಅದೇ ತೂತಿನ ಮೇಲೆ ಕೂರಿಸ್ತೀನಿ" ಅನ್ನೋ ಮಾತಿಗೆ ಒಪ್ಪಬೇಡಿ.

ಕಾರಣ ಹೇಳ್ತೀನಿ. ಇಂಡಿಯನ್ ಪ್ಯಾನಿಗೆ ಅದರದ್ದೇ ಟ್ರಾಪ್ ಇರಲ್ಲ. ಅದರ ಕೆಳಗೆ ನೆಲದೊಳಗೆ ಬೇರೆ ಟ್ರಾಪ್ ಹೂತಿರ್ತಾರೆ. ಬಾಗಿದ ಆ ಕೊಳವೆಯಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತೆ, ಅದೇ ಚರಂಡಿಯ ವಾಸನೆಯನ್ನ ತಡೆಯೋದು. ಕಮೋಡಿನಲ್ಲಿ ಟ್ರಾಪ್ ಅದರ ಹೊಟ್ಟೆಯೊಳಗೇ ಇದೆ. ನೆಲದಲ್ಲಿರೋ ಟ್ರಾಪನ್ನ ಹಾಗೇ ಬಿಟ್ಟು ಮೇಲೆ ಕಮೋಡ್ ಕೂರಿಸಿದರೆ ಒಂದರ ಕೆಳಗೆ ಒಂದು ಎರಡು ಟ್ರಾಪ್ ಆಗುತ್ತೆ. ನಡುವೆ ಸಿಕ್ಕಿಕೊಂಡ ಗಾಳಿಗೆ ಹೋಗೋಕೆ ಜಾಗ ಇಲ್ಲ. ಫ್ಲಶ್ ಮಾಡಿದರೆ ನೀರು ಕೆಳಕ್ಕೆ ಎಳೆಯೋ ಬದಲು ಮೇಲಕ್ಕೆ ಏರುತ್ತೆ, ಆಮೇಲೆ ಗುಳುಗುಳು ಅಂತ ನಿಧಾನಕ್ಕೆ ಇಳಿಯುತ್ತೆ. ಗಟ್ಟಿ ಪದಾರ್ಥ ಎರಡನೇ ಟ್ರಾಪಿನಲ್ಲಿ ಕೂತುಬಿಡುತ್ತೆ. ಕಮೋಡ್ ಸರಿಯಿಲ್ಲ ಅಂತ ಜನ ಕಂಪನಿಯನ್ನ ಬೈತಾರೆ, ತಪ್ಪು ಇರೋದು ನೆಲದೊಳಗೆ.

ಇನ್ನು ಎಸ್, ಪಿ ವಿಷಯ. ಎಸ್ ಅಂದರೆ ನೀರು ನೇರ ಕೆಳಕ್ಕೆ, ನೆಲದೊಳಕ್ಕೆ ಹೋಗುತ್ತೆ. ಪಿ ಅಂದರೆ ಹಿಂದಕ್ಕೆ, ಗೋಡೆಯೊಳಕ್ಕೆ. ಒಂಬತ್ತು, ಹನ್ನೆರಡು ಇಂಚು ಅನ್ನೋದು ಎಸ್ ಟ್ರಾಪಿನ ಲೆಕ್ಕ: ಹಿಂದಿನ ಗೋಡೆಯಿಂದ ನೆಲದ ತೂತಿನ ನಡುಮಧ್ಯಕ್ಕೆ ಇರೋ ದೂರ. ಅಳೆಯುವಾಗ ಟೈಲ್ಸ್ ಆದಮೇಲಿನ ಗೋಡೆಯಿಂದ ಅಳೀಬೇಕು. ಬರೀ ಗಾರೆಯಿಂದ ಅಳೆದು ತಂದು, ಟೈಲ್ಸ್ ಹಾಕಿದ ಮೇಲೆ ಟ್ಯಾಂಕು ಗೋಡೆಗೆ ತಗುಲಿದ್ದನ್ನ ಎಷ್ಟೋ ಮನೆಯಲ್ಲಿ ಕಂಡಿದ್ದೀನಿ. ಪಿ ಟ್ರಾಪಿಗೆ ಗೋಡೆಯ ತೂತು ನೆಲದಿಂದ ಸುಮಾರು 7 ಇಂಚು ಎತ್ತರಕ್ಕೆ ಬರುತ್ತೆ. ಮಾಡೆಲ್ ಮಾಡೆಲಿಗೂ ಸ್ವಲ್ಪ ಹೆಚ್ಚುಕಡಿಮೆ ಇರೋದರಿಂದ ಅದರ ಜೊತೆ ಬರೋ ಚಿತ್ರ ನೋಡಿಯೇ ಗೋಡೆ ಕೊರೆಸಿ.

ಒಂದು ಪ್ರಶ್ನೆ. ನಿಮ್ಮ ಟಾಯ್ಲೆಟ್ಟಿನ ಹಿಂದಿನ ಗೋಡೆ ಹೊರಗೋಡೆಯಾ? ಚೇಂಬರ್, ಅಂದರೆ ಪೈಪು ಬಂದು ಸೇರೋ ಮುಚ್ಚಳದ ಗುಂಡಿ, ಎಲ್ಲಿದೆ?

---

ಸಂಪಿಗೆಮನೆ | ಫೆಬ್ರವರಿ 9, ರಾತ್ರಿ 10.50

ಹೊರಗೋಡೆಯೇ ಅಣ್ಣ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ. ಚೇಂಬರ್ ಆ ಗೋಡೆಯಿಂದ ನಾಲ್ಕಡಿ ದೂರದಲ್ಲಿ, ಸಂಪಿಗೆ ಮರದ ಹತ್ತಿರ. ಅಲ್ಲಿಂದ ರಸ್ತೆಯ ಯುಜಿಡಿಗೆ, ಅಂದರೆ ಒಳಚರಂಡಿಗೆ ಹೋಗುತ್ತೆ.

---

ಜಲಮಾರ್ಗ | ಫೆಬ್ರವರಿ 9, ರಾತ್ರಿ 11.05

ಹಾಗಾದರೆ ನಿಮ್ಮ ಮನೆಗೆ ಪಿ ಟ್ರಾಪೇ ಸರಿ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಆ ಮೆಟ್ಟಿಲು ಯಾಕಿದೆ ಅಂದುಕೊಂಡಿದ್ದೀರಿ? ಪ್ಯಾನು, ಅದರ ಕೆಳಗಿನ ಟ್ರಾಪು ಎರಡೂ ಹಿಡಿಸಲಿ ಅಂತ ನೆಲವನ್ನ ಎತ್ತರಿಸಿದ್ದಾರೆ ಅಷ್ಟೆ. ಕಮೋಡಿನ ನೀರು ಗೋಡೆಯ ಮೂಲಕ ಹೊರಗೆ ಹೋದರೆ ನೆಲದೊಳಗೆ ಏನೂ ಇರಬೇಕಾಗಿಲ್ಲ. ಪ್ಯಾನು, ಟ್ರಾಪು, ತುಂಬಿದ ಮಣ್ಣು ಎಲ್ಲ ತೆಗೆಸಿ ನೆಲವನ್ನ ಬಚ್ಚಲುಮನೆಯ ಮಟ್ಟಕ್ಕೆ ಇಳಿಸಿಬಿಡಿ. ಅಮ್ಮ ಮೆಟ್ಟಿಲು ಹತ್ತೋದೇ ಬೇಡ.

ಹಳೇ ಪೈಪಿನ ಬಾಯಿಯನ್ನ ಮಾತ್ರ ಭದ್ರವಾಗಿ ಮುಚ್ಚಿಸಿ, ಬಿಟ್ಟರೆ ಜಿರಲೆ, ಹೆಗ್ಗಣ ಮೇಲೆ ಬರ್ತವೆ.

---

ಮಾಳಮಡ್ಡಿ_ಮನಿ | ಫೆಬ್ರವರಿ 10, ಬೆಳಿಗ್ಗೆ 7.15

ಜಲಮಾರ್ಗ ಅವರು ಹೇಳಿದ್ದು ನೂರಕ್ಕ ನೂರು ಖರೆ ಅದರಿ. ನಮ್ಮ ಮನ್ಯಾಗ ಇದ ಆಗಿತ್ತು. ಧಾರವಾಡದಾಗ ಹಳೇ ಮನಿ ನಮ್ದು. ಅಪ್ಪಾಗ ಲಕ್ವಾ ಹೊಡದ ಮ್ಯಾಲ ಗಡಿಬಿಡಿಯೊಳಗ ಕಮೋಡ್ ಹಾಕಿಸಿದ್ವಿ. ಗೌಂಡಿ ಹಳೇ ಟ್ರಾಪ್ ತಗೀಲಿಲ್ಲ, ನಮಗೂ ತಿಳೀಲಿಲ್ಲ. ಮೊದಲನೇ ದಿನಾನ ಫ್ಲಶ್ ಮಾಡಿದ್ರ ನೀರು ಅಂಚಿನ ತನಕ ಏರಿ ನಿಂತುಬಿಡೋದು. ನಾವು ಪಕ್ಕದಾಗ ಎರಡು ಬಕೀಟ್ ನೀರು ಇಟಗೊಂಡು, ಒಂದಾದ ಮ್ಯಾಲ ಒಂದು ಸುರಿತಿದ್ವಿ. ಅಪ್ಪ ಒಳಗ ಕೂತಕೊಂಡು "ನನ್ನಿಂದ ನಿಮಗೆಲ್ಲಾ ತ್ರಾಸ ಆತು" ಅಂತಿದ್ರು. ಆ ಮಾತು ಕೇಳೂದು ಭಾಳ ಕಷ್ಟ ಆಗ್ತಿತ್ತು ನೋಡ್ರಿ.

ಎಂಟು ತಿಂಗಳ ಮ್ಯಾಲ ಬ್ಯಾರೆ ಪ್ಲಂಬರ್ ಬಂದು ಕಮೋಡ್ ಕಿತ್ತು ನೋಡಿದ. ಕೆಳಗ ಹಳೇ ಟ್ರಾಪ್ ಹಂಗಾ ಇತ್ತು, ಅದರಾಗ ಗಾರಿ ಚೂರು, ಒಡದ ಪ್ಯಾನಿನ ತುಂಡು. ಕಮೋಡಿನ ಪಾದಕ್ಕ ಸಿಮೆಂಟ್ ತುಂಬಿದ್ರು, ಹಿಂಗಾಗಿ ತಗೀಬೇಕಾದ್ರ ಅದೂ ಸೀಳಿಹೋತು. ಹೊಸಾದು ತರಬೇಕಾತು. ಅರ್ಧಾ ದಿನದ ಕೆಲಸ ಅಂದವರ ಮಾತು ನಂಬಬ್ಯಾಡ್ರಿ ಅಕ್ಕಾರ.

---

ಎಡಿಸನ್_ಕನ್ನಡಿಗ | ಫೆಬ್ರವರಿ 10, ಬೆಳಿಗ್ಗೆ 8.30

ನಾನು ನ್ಯೂಜೆರ್ಸಿಯಲ್ಲಿರೋದು. ಹೋದ ಬೇಸಿಗೆಯಲ್ಲಿ ನಮ್ಮ ಮನೆಯ ಕಮೋಡನ್ನ ನಾನೇ ಬದಲಿಸಿದೆ. ಇಲ್ಲಿ ಬಹುಪಾಲು ಮನೆಗಳಲ್ಲಿ ಗೋಡೆಯಿಂದ 12 ಇಂಚು, ಹಾಗಾಗಿ ಅಳತೆಯ ತಲೆನೋವು ಕಮ್ಮಿ. ನೆಲದಲ್ಲಿ ಫ್ಲಾಂಜ್ ಅಂತ ಒಂದು ಬಳೆ ಇರುತ್ತೆ, ಅದರ ಮೇಲೆ ಮೇಣದ ರಿಂಗ್ ಇಟ್ಟು ಕಮೋಡನ್ನ ಒತ್ತಿ ಕೂರಿಸಿ ಎರಡು ಬೋಲ್ಟ್ ಬಿಗಿದರೆ ಮುಗೀತು. ಹಳೇದು ಫ್ಲಶ್ಶಿಗೆ 3.5 ಗ್ಯಾಲನ್ ಕುಡೀತಿತ್ತು. 1994ರಿಂದ ಇಲ್ಲಿ ಮನೆಗೆ ಮಾಡೋ ಹೊಸ ಕಮೋಡುಗಳು 1.6 ಗ್ಯಾಲನ್ ಮೀರಬಾರದು ಅಂತ ಕಾನೂನು ಬಂತು, ಅಂದರೆ ಸುಮಾರು 6 ಲೀಟರ್. ಮೇಣದ ರಿಂಗ್ ಅಲ್ಲೂ ಸಿಗುತ್ತಾ? ಸೋರಿಕೆಗೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ ಅನ್ನೋದು ನನ್ನ ಅನುಭವ.

---

ಜಲಮಾರ್ಗ | ಫೆಬ್ರವರಿ 10, ಬೆಳಿಗ್ಗೆ 9.10

ಸರ್, ನಮ್ಮ ಕಡೆ ಹಳೇ ಮನೆಗಳಲ್ಲಿ ಆ ಬಳೆಯೇ ಇರಲ್ಲ, ಅದಿಲ್ಲದೆ ಮೇಣ ನಿಲ್ಲಲ್ಲ. ಇಲ್ಲಿ ರಬ್ಬರ್ ಕನೆಕ್ಟರ್ ಹಾಕ್ತೀವಿ: ಒಂದು ತುದಿ ಕಮೋಡಿನ ಮೂತಿಗೆ, ಇನ್ನೊಂದು 110 ಎಂಎಂ ಪಿವಿಸಿ ಪೈಪಿನೊಳಕ್ಕೆ. ಸಿಮೆಂಟ್ ಮೆತ್ತಿ ಜೋಡಿಸೋದಕ್ಕಿಂತ ಇದು ಎಷ್ಟೋ ಮೇಲು, ಮುಂದೆ ಬಿಚ್ಚೋಕೂ ಬರುತ್ತೆ. ಕಮೋಡ್ ಕೂರಿಸೋದು ನೆಲಕ್ಕೆ ಬಿಗಿಯೋ ರ್ಯಾಕ್ ಬೋಲ್ಟಿನ ಮೇಲೆ. ಮಾಳಮಡ್ಡಿಯವರು ಹೇಳಿದ ಹಾಗೆ ಪಾದದೊಳಗೆ ಸಿಮೆಂಟ್ ತುಂಬಬಾರದು. ಸುತ್ತ ಸಿಲಿಕಾನ್ ಎಳೆದು, ಹಿಂಭಾಗದಲ್ಲಿ ಎರಡು ಇಂಚು ಖಾಲಿ ಬಿಡಿ. ಒಳಗೆ ಸೋರಿದರೆ ನೀರು ಅಲ್ಲಿ ಕಾಣಿಸಿಕೊಳ್ಳುತ್ತೆ, ಗುಟ್ಟಾಗಿ ನೆಲದೊಳಗೆ ಇಳಿಯಲ್ಲ.

---

ಹೊಸಮನೆ_ಯಲಹಂಕ | ಫೆಬ್ರವರಿ 10, ಬೆಳಿಗ್ಗೆ 11.45

ಗೋಡೆಗೆ ತೂಗುಹಾಕೋ ಕಮೋಡ್ ಯೋಚನೆ ಮಾಡಿದ್ದೀರಾ? ನಮ್ಮ ಫ್ಲಾಟಿನಲ್ಲಿ ಅದೇ ಇದೆ, ಕೆಳಗೆ ಒರೆಸೋದು ಸುಲಭ, ಎತ್ತರವನ್ನೂ ನಮಗೆ ಬೇಕಾದಷ್ಟಕ್ಕೆ ಇಡಿಸಬಹುದು.

---

ಜಲಮಾರ್ಗ | ಫೆಬ್ರವರಿ 10, ಮಧ್ಯಾಹ್ನ 1.20

ಹೊಸ ಮನೆಗೆ ಚೆನ್ನ. 1974ರ ಗೋಡೆಯೊಳಗೆ ಟ್ಯಾಂಕ್ ಹುದುಗಿಸೋಕೆ ಅಷ್ಟು ಆಳ ಕಡಿಯೋದು ಬೇಡ. ಗೋಡೆ ಮುಂದೆ ಕಬ್ಬಿಣದ ಫ್ರೇಮ್ ನಿಲ್ಲಿಸಿ ಮುಚ್ಚಿಸಿದರೆ ಜಾಗ ಹೋಗುತ್ತೆ, ಇರೋದೇ ನಾಲ್ಕೂವರೆ ಅಡಿ. ನೆಲದ ಮೇಲೆ ಕೂರೋದೇ ಇರಲಿ.

---

ನೇತ್ರಾವತಿ_ತೀರ | ಫೆಬ್ರವರಿ 10, ಸಂಜೆ 6.00

ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಪೈಪಿನ ಮಾತು ಬಲ್ಲವರು ಹೇಳಿದ್ದಾರೆ, ನಾನು ಅಮ್ಮನ ಕಡೆಯಿಂದ ಹೇಳುತ್ತೇನೆ.

ಎತ್ತರ ಮೊದಲು. ಸಾಮಾನ್ಯ ಕಮೋಡ್ ಸುಮಾರು 15, 16 ಇಂಚು ಇರುತ್ತದೆ. ಹಿರಿಯರಿಗೆ ಅಂತ ಮಾರುವುದು 17ರಿಂದ 19. ಮಂಡಿ ಆಪರೇಷನ್ ಆದವರಿಗೆ ಎತ್ತರದ್ದೇ ತನ್ನಿ ಅಂತ ಅಂಗಡಿಯಲ್ಲಿ ಹೇಳುತ್ತಾರೆ, ಆದರೆ ನಿಮ್ಮ ಅಮ್ಮ ಎಷ್ಟು ಎತ್ತರ ಇದ್ದಾರೆ? ಗಿಡ್ಡ ಇರುವವರು 19 ಇಂಚಿನ ಮೇಲೆ ಕೂತರೆ ಪಾದ ನೆಲಕ್ಕೆ ಊರುವುದಿಲ್ಲ. ತೊಡೆಯ ಕೆಳಗೆ ಒತ್ತುತ್ತದೆ, ಎದ್ದು ನಿಲ್ಲುವಾಗ ಮುಂದಕ್ಕೆ ಮುಗ್ಗರಿಸುವ ಭಯ. ಮನೆಯಲ್ಲಿ ಅವರು ಕೈ ಊರದೆ ಆರಾಮಾಗಿ ಎದ್ದೇಳುವ ಕುರ್ಚಿ ಯಾವುದು ನೋಡಿ. ಅವರು ಕೂತಾಗ ಪಾದ ಪೂರ್ತಿ ನೆಲಕ್ಕೆ ಇರಬೇಕು. ಆ ಕುರ್ಚಿಯ ಎತ್ತರ ಅಳೆದುಕೊಂಡು, ಸೀಟ್ ಸೇರಿಸಿ ಅಷ್ಟೇ ಬರುವ ಕಮೋಡ್ ತನ್ನಿ. ನಿಮ್ಮ ಡಾಕ್ಟರಿಗೂ ಆ ಅಳತೆ ತೋರಿಸಿ.

ಬಾಗಿಲನ್ನು ಹೊರಕ್ಕೆ ತೆಗೆಯುವ ಹಾಗೆ ಮಾಡಿಸಿ, ಇದನ್ನು ಮುಂದೂಡಬೇಡಿ. ಮೂರಡಿ ಅಗಲದ ಕೋಣೆಯಲ್ಲಿ ಒಬ್ಬರು ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡ ಬರುತ್ತದೆ, ಒಳಗೆ ಹೋಗಲು ಆಗುವುದಿಲ್ಲ. ಎರಡಡಿ ಬಾಗಿಲಲ್ಲಿ ವಾಕರ್ ನೇರವಾಗಿ ದಾಟುವುದೂ ಕಷ್ಟ. ಎರಡೂವರೆ ಅಡಿ ಮಾಡಿಸಲು ಆದೀತಾ?

ಹಿಡಿಕೆ ಎರಡೂ ಪಕ್ಕ ಬೇಕು. ಟವೆಲ್ ಹಾಕುವ ರಾಡ್ ಹಿಡಿಕೆ ಅಲ್ಲ, ಮೈಭಾರ ಬಿದ್ದರೆ ಕಿತ್ತು ಬರುತ್ತದೆ.

---

ಕೆರೆದಂಡೆ | ಫೆಬ್ರವರಿ 10, ಸಂಜೆ 7.30

ಆಂಗ್ಲೋ ಇಂಡಿಯನ್ ಕಮೋಡ್ ಆದರೆ ಎರಡೂ ಥರ ಕೂರಬಹುದಲ್ವಾ? ಮನೆಯಲ್ಲಿ ಉಳಿದವರಿಗೂ ಅನುಕೂಲ.

---

ನೇತ್ರಾವತಿ_ತೀರ | ಫೆಬ್ರವರಿ 10, ರಾತ್ರಿ 8.05

ಅಷ್ಟು ಎತ್ತರದ ನುಣುಪು ಅಂಚಿನ ಮೇಲೆ, ಅದೂ ಒದ್ದೆ ಕಾಲಲ್ಲಿ ಹತ್ತಿ ಕೂರುವುದು ಗಟ್ಟಿಮುಟ್ಟಾದವರಿಗೂ ಅಪಾಯ. ನಾನು ಯಾರಿಗೂ ಹೇಳುವುದಿಲ್ಲ. ಕುಕ್ಕರಗಾಲಲ್ಲೇ ಕೂರಬೇಕು ಅನ್ನುವವರಿಗೆ ಬೇರೆ ಇಂಡಿಯನ್ ಇದ್ದರೆ ಇರಲಿ.

---

ಹದಿನೈದನೇ_ಅಡ್ಡರಸ್ತೆ | ಫೆಬ್ರವರಿ 11, ಬೆಳಿಗ್ಗೆ 6.50

ನನಗೆ 76. ಹುಟ್ಟಿದ್ದು ಬೆಳೆದದ್ದು ಬೆಂಗಳೂರಿನ ಮಲ್ಲೇಶ್ವರದಲ್ಲಿ. ಹಳೇ ಮನೆಗಳಲ್ಲಿ ಕಕ್ಕಸು ಯಾಕೆ ಹಿತ್ತಲಲ್ಲಿ, ಅದೂ ಹಿಂದಿನ ಗೋಡೆಗೆ ಒತ್ತಿಕೊಂಡೇ ಇರುತ್ತೆ ಅನ್ನೋದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. 1898ರ ಪ್ಲೇಗಿನ ಮೇಲೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದಾಗ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. ಮೈಸೂರಿನ ಹಳೇ ಬಡಾವಣೆಗಳಲ್ಲೂ ಈ ಗಲ್ಲಿಗಳಿವೆ. ಮಲ ಎತ್ತುವವರು ಮುಂಬಾಗಿಲಿಗೆ ಬರಬಾರದು, ಆ ಗಲ್ಲಿಯಿಂದಲೇ ಬಂದು ಅಲ್ಲಿಂದಲೇ ಹೋಗಬೇಕು ಅನ್ನೋ ವ್ಯವಸ್ಥೆ ಅದು. ನಮ್ಮ ಕಕ್ಕಸಿನ ಹಿಂಗೋಡೆಯಲ್ಲಿ ಮೊಣಕಾಲೆತ್ತರದ ಕಬ್ಬಿಣದ ಬಾಗಿಲಿತ್ತು. ಬೆಳಗಿನ ಜಾವ ಆ ಬಾಗಿಲು ಕಿರ್ರೆನ್ನುವ ಸದ್ದು ಕೇಳಿಸುತ್ತಿತ್ತು. ತೆರೆದವರ ಮುಖವನ್ನ ನಾನು ಒಂದು ದಿನವೂ ನೋಡಲಿಲ್ಲ. ಅದು ನನ್ನನ್ನ ಈಗಲೂ ಕಾಡುತ್ತೆ.

1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನ ನಿಲ್ಲಿಸಿದರು.

ಇದನ್ನ ಯಾಕೆ ಬರೆದೆ ಅಂದರೆ, ನೀವು ಈಗ ಚೇಂಬರ್ ತೆಗೆಸಲಿದ್ದೀರಿ. ಒಳಗೆ ಕಟ್ಟಿಕೊಂಡಿದ್ದರೆ "ಇನ್ನೂರು ಹೆಚ್ಚು ಕೊಡ್ತೀನಿ, ಇಳಿದು ತೆಗಿ" ಅಂತ ಯಾರಿಗೂ ಹೇಳಬೇಡಿ, ಯಾರಾದರೂ ತಾವಾಗಿ ಇಳಿಯೋಕೆ ಬಂದರೂ ಬಿಡಬೇಡಿ. ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನ ಹಾಗೆ ಇಳಿಸುವುದನ್ನ 2013ರ ಕಾಯಿದೆ ನಿಷೇಧಿಸಿದೆ. ಸೆಪ್ಟಿಕ್ ಟ್ಯಾಂಕಿನ ಗಾಳಿ ಒಂದೆರಡು ಉಸಿರಿನಲ್ಲೇ ಜೀವ ತೆಗೆಯಬಲ್ಲದು. ಜೋರಾಗಿ ನೀರು ಹಾಯಿಸಿ ಪೈಪು ಬಿಡಿಸುವ ಜೆಟ್ಟಿಂಗ್ ಗಾಡಿ ಕರೆಸಿ. ಒಂದು ದಿನ ತಡವಾದರೆ ಆಗಲಿ.

---

ಸಂಪಿಗೆಮನೆ | ಫೆಬ್ರವರಿ 11, ರಾತ್ರಿ 9.15

ಹಿರಿಯರಿಗೆ ನಮಸ್ಕಾರ. ನಿಮ್ಮ ಮಾತನ್ನ ಅಮ್ಮನಿಗೆ ಓದಿ ಹೇಳಿದೆ. ತಮ್ಮ ತವರಿನಲ್ಲೂ ಅಂಥದೇ ಬಾಗಿಲು ಇತ್ತು ಅಂತ ಸುಮಾರು ಹೊತ್ತು ಸುಮ್ಮನಿದ್ದರು.

ಇವತ್ತು ಮುಚ್ಚಳ ಮಾತ್ರ ತೆಗೆಸಿದ್ವಿ. ಒಳಗೆ ಪ್ಯಾನಿಗೆ ಒಂದು ಬಕೆಟ್ ನೀರು ಸುರಿದು ಹೊರಗೆ ನಿಂತು ನೋಡಿದೆ. ನೀರು ತೆಳ್ಳಗೆ, ಬಹಳ ನಿಧಾನಕ್ಕೆ ಬಂತು. ಪೈಪಿನ ಬಾಯಲ್ಲಿ ಕಂದು ಬಣ್ಣದ ಜಡೆಯಂಥದ್ದು ಇಳಿಬಿದ್ದಿದೆ. ಬೇರು.

---

ಜಲಮಾರ್ಗ | ಫೆಬ್ರವರಿ 11, ರಾತ್ರಿ 9.40

ನಿರೀಕ್ಷೆ ಇತ್ತು. ಆಗಿನ ಕಾಲಕ್ಕೆ ಹಾಕ್ತಿದ್ದಿದ್ದು ಸ್ಟೋನ್‌ವೇರ್ ಪೈಪು, ಅಂದರೆ ಸುಟ್ಟ ಮಣ್ಣಿನ ಮೇಲೆ ಹೊಳಪು ಕೊಟ್ಟಿದ್ದು. ಪೈಪಿಗೆ ಏನೂ ಆಗಲ್ಲ, ಆದರೆ ತುಂಡುಗಳು ಗಿಡ್ಡ, ಎರಡಡಿಗೊಂದು ಜಾಯಿಂಟ್ ಬರುತ್ತೆ. ಜಾಯಿಂಟಿನ ಸಿಮೆಂಟ್ ಬಿರುಕು ಬಿಟ್ಟರೆ ಬೇರಿಗೆ ಅಷ್ಟು ಸಂದು ಸಾಕು. ಟಾಯ್ಲೆಟ್ಟಿಂದ ಚೇಂಬರಿನವರೆಗಿನ ನಾಲ್ಕಡಿಯನ್ನ ಪಿವಿಸಿಗೆ ಬದಲಿಸಿ, ತಿರುವಿನಲ್ಲಿ ಡೋರ್ ಬೆಂಡ್ ಹಾಕಿಸಿ, ನಾಳೆ ಕಟ್ಟಿಕೊಂಡರೆ ಅಲ್ಲೇ ಬಿಚ್ಚಿ ತೆಗೀಬಹುದು. ನಲವತ್ತಡಿಗೆ ಒಂದಡಿ ವಾಟ (ಇಳಿಜಾರು) ಸಾಕು, ನಿಮ್ಮ ನಾಲ್ಕಡಿಗೆ ಒಂದೂಕಾಲು ಇಂಚು. ರಸಮಟ್ಟ ಇಟ್ಟೇ ನೋಡಿ, ಕಣ್ಣಂದಾಜು ಬೇಡ. ಚೇಂಬರಿಂದ ರಸ್ತೆಯವರೆಗಿನ ಲೈನನ್ನ ಜೆಟ್ಟಿಂಗ್ ಮಾಡಿಸಿ. ಹೊಸ ಟ್ಯಾಂಕ್ ದೊಡ್ಡ ಬಟನ್‌ಗೆ 6 ಲೀಟರ್, ಚಿಕ್ಕದಕ್ಕೆ 3 ಲೀಟರ್ ಬಿಡುತ್ತೆ. ಹಳೇ ಟ್ಯಾಂಕ್ 10 ಲೀಟರ್ ಬಿಡ್ತಿತ್ತು. ನೀರು ಕಮ್ಮಿಯಾದಷ್ಟೂ ಲೈನ್ ಚೊಕ್ಕಟವಾಗಿರಬೇಕು.

---

ಕೋಲಾರ_ಬೋರ್‌ವೆಲ್ | ಫೆಬ್ರವರಿ 12, ಬೆಳಿಗ್ಗೆ 10.00

ಬೋರ್ ನೀರಿನವರಿಗೆ ಒಂದು ಮಾತು: ಗಡಸು ನೀರಲ್ಲಿ ಫ್ಲಶ್ ಟ್ಯಾಂಕಿನ ವಾಷರಿಗೆ ಸುಣ್ಣ ಕಟ್ಟಿ ನೀರು ಸದ್ದಿಲ್ಲದೆ ಸೋರ್ತಾ ಇರುತ್ತೆ. ಟ್ಯಾಂಕಿಗೆ ಒಂದು ಚಿಟಿಕೆ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕೆಳಗೆ ಕಮೋಡಿನಲ್ಲಿ ಬಣ್ಣ ಕಂಡರೆ ವಾಷರ್ ಬದಲಿಸಬೇಕು. ಟ್ಯಾಂಕಿಗೆ ಆಸಿಡ್ ಹಾಕಬೇಡಿ, ರಬ್ಬರ್ ತಿಂದುಹಾಕುತ್ತೆ.

---

ಸಂಪಿಗೆಮನೆ | ಮಾರ್ಚ್ 2, ಸಂಜೆ 5.30

ಕೆಲಸ ಮುಗೀತು. ಆರು ದಿನ ಹಿಡೀತು, ಅಷ್ಟೂ ದಿನ ಅಮ್ಮ ಮಂಡ್ಯದಲ್ಲಿ ಅಕ್ಕನ ಮನೆಯಲ್ಲಿದ್ದರು.

ಪ್ಯಾನ್ ಎತ್ತಿದಾಗ ಕೆಳಗೆ ನೀವು ಹೇಳಿದ ಹಾಗೇ ಟ್ರಾಪ್ ಇತ್ತು, ಸ್ಟೋನ್‌ವೇರಿನದು, ಅದರ ಕುತ್ತಿಗೆಯಲ್ಲಿ ಕೂದಲೆಳೆಯಂಥ ಸೀಳು. ಸುತ್ತಲಿನ ಮಣ್ಣು ಕಪ್ಪಗೆ ಒದ್ದೆಯಾಗಿತ್ತು. ಬಚ್ಚಲುಮನೆಯ ಗೋಡೆ ವರ್ಷಾನುಗಟ್ಟಲೆ ಬುಡದಲ್ಲಿ ಉಬ್ಬಿಕೊಂಡು ಸುಣ್ಣ ಉದುರ್ತಾ ಇದ್ದಿದ್ದು ಯಾಕೆ ಅಂತ ಅವತ್ತು ಗೊತ್ತಾಯ್ತು. ಎರಡು ಸಲ ಬಣ್ಣ ಹೊಡೆಸಿದ್ವಿ ಅದಕ್ಕೆ.

ಎಲ್ಲ ಮಣ್ಣು ತೆಗೆಸಿ ನೆಲ ಇಳಿಸಿದ್ವಿ. ಮೆಟ್ಟಿಲು ಹೋಯ್ತು. ವಾಟರ್‌ಪ್ರೂಫ್ ಹೊಡೆಸಿ, ಬಾಗಿಲಿಗೆ ಇಟ್ಟಿಗೆ ಅಡ್ಡ ಕಟ್ಟಿ ಎರಡು ದಿನ ನೀರು ನಿಲ್ಲಿಸಿ ನೋಡಿದ ಮೇಲೇ ಟೈಲ್ಸ್ ಹಾಕಿಸಿದ್ದು, ಜಾರದಂಥ ಒರಟು ಟೈಲ್ಸ್. ಬಾಗಿಲು ಎರಡೂವರೆ ಅಡಿ, ಹೊರಕ್ಕೆ ತೆಗೆಯುತ್ತೆ. ಹಿಡಿಕೆಗೆ ಗೋಡೆ ಕೊರೆದರೆ ಇಟ್ಟಿಗೆ ಪುಡಿಪುಡಿಯಾಗಿ ಉದುರಿತು, ಪ್ಲಗ್ ನಿಲ್ಲಲಿಲ್ಲ. ಕೊನೆಗೆ ಗೋಡೆಯ ಆಚೆ ಬದಿಗೆ ಕಬ್ಬಿಣದ ಪಟ್ಟಿ ಇಟ್ಟು ಉದ್ದ ಬೋಲ್ಟ್ ತೂರಿಸಿ ಬಿಗಿಸಿದ್ವಿ. ನಾನು ಪೂರ್ತಿ ಭಾರ ಬಿಟ್ಟು ಜೋತುಬಿದ್ದು ನೋಡಿದೆ, ಅಲುಗಲಿಲ್ಲ.

ಅಮ್ಮನ ಎತ್ತರ ನಾಲ್ಕಡಿ ಹತ್ತು ಇಂಚು. ಅವರು ಸಲೀಸಾಗಿ ಏಳೋದು ಊಟದ ಮನೆಯ ಮರದ ಕುರ್ಚಿಯಿಂದ, ಅದು ಹದಿನೇಳು ಇಂಚು. ಡಾಕ್ಟರೂ ಸರಿ ಅಂದರು. ಸೀಟ್ ಸೇರಿ ಅಷ್ಟೇ ಬರೋ ಕಮೋಡ್ ಸಿಕ್ಕಿತು. ಬಾಗಿಲು, ಜೆಟ್ಟಿಂಗ್, ಕೂಲಿ ಎಲ್ಲ ಸೇರಿ 46 ಸಾವಿರ ಆಯ್ತು. ಕಮೋಡಿಗಿಂತ ನೆಲದ ಕೆಲಸಕ್ಕೇ ಹೆಚ್ಚು.

---

ನೇತ್ರಾವತಿ_ತೀರ | ಮಾರ್ಚ್ 2, ರಾತ್ರಿ 7.20

ಓದಿ ತುಂಬಾ ಖುಷಿಯಾಯಿತು. ನೀರು ಬಳಸಲು ಏನು ಮಾಡಿದ್ದೀರಿ? ನಮ್ಮ ಕಡೆ ಹಲವು ಅಜ್ಜಿಯರು ಸ್ಪ್ರೇ ಒಪ್ಪುವುದಿಲ್ಲ.

---

ಸಂಪಿಗೆಮನೆ | ಮಾರ್ಚ್ 2, ರಾತ್ರಿ 8.00

ಅಮ್ಮನೂ ಒಪ್ಪಲಿಲ್ಲ. ಹೆಲ್ತ್ ಫಾಸೆಟ್ ಒಂದು ದಿನ ಬಳಸಿ "ನನಗೆ ಚೊಂಬೇ ಬೇಕು" ಅಂದರು. ಹಳೇ ನಲ್ಲಿ ಹಿಂದಿನ ಗೋಡೆಯಲ್ಲಿತ್ತು, ತಿರುಗಿ ಬಗ್ಗಬೇಕಿತ್ತು. ಅಮ್ಮನನ್ನೇ ಕೂರಿಸಿ, ಬಲಗೈ ಚಾಚಿದರೆ ಎಲ್ಲಿಗೆ ಬರುತ್ತೋ ಅಲ್ಲಿ ಗೋಡೆ ಮೇಲೆ ಪೆನ್ಸಿಲ್ ಗುರುತು ಹಾಕಿಕೊಂಡ್ವಿ. ನೆಲದಿಂದ ಇಪ್ಪತ್ತೆರಡು ಇಂಚು ಬಂತು. ನಲ್ಲಿ ಅಲ್ಲಿಗೇ ಹಾಕಿಸಿ, ಕೆಳಗೆ ಚೊಂಬು ಇಡೋಕೆ ಒಂದು ಸಣ್ಣ ಕಲ್ಲಿನ ಹಲಗೆ ಕೂರಿಸಿದ್ವಿ. ಚೊಂಬು ಮಾತ್ರ ಮುಂಚಿನದೇ, ಹಿತ್ತಾಳೆಯದು.